ಆಲಿಮ್ ಆದ ಮೇಲೆ ಕಾಲೇಜು ಮೇಷ್ಟ್ರಾಗಬಹುದಾ?

ಪ್ರಶ್ನೆ: ನನಗೆ 24 ವರ್ಷ. ಬೆಂಗಳೂರಿನ ಒಂದು ಮದರಸಾದಲ್ಲಿ ಆಲಿಮ್ (ಇಸ್ಲಾಮಿಕ್ ವಿದ್ವಾಂಸ) ಕೋರ್ಸ್ ಮುಗಿಸಿದ್ದೇನೆ. ಜೊತೆಗೆ ದೂರಶಿಕ್ಷಣದಲ್ಲಿ ಬಿಎ. ಫಿಕ್ಹ್, ಅಂದರೆ ಇಸ್ಲಾಮಿಕ್ ನ್ಯಾಯಶಾಸ್ತ್ರ, ನನಗೆ ಪ್ರಾಣ, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡುವ ಆಸೆ. ಅಬ್ಬಾ ಮಾತ್ರ ‘ಇಮಾಮ್ ಆಗು, ಇಲ್ಲಾಂದ್ರೆ ಗಲ್ಫ್‌ಗೆ ಹೋಗು’ ಅಂತಾರೆ. ಏನು ಮಾಡಲಿ ಸರ್?
– ಟ್ಯಾನರಿ ರಸ್ತೆಯ ಓದುಗ

ಉತ್ತರ: ಅಬ್ಬಾ ಮೇಲೆ ಕೋಪ ಬೇಡ. ಅವರು ಮನೆ ಬಾಡಿಗೆಯ ಲೆಕ್ಕ ಹಾಕ್ತಿದ್ದಾರೆ, ಅದು ತಪ್ಪಲ್ಲ. ಎಂಎ, ನೆಟ್ (ಕಾಲೇಜು ಮೇಷ್ಟ್ರಾಗಲು ಬರೆಯುವ ಅರ್ಹತಾ ಪರೀಕ್ಷೆ), ಪಿಎಚ್‌ಡಿ ಅಂತ ಏಳೆಂಟು ವರ್ಷ ಹೋಗೇ ಹೋಗುತ್ತೆ. ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕರೆ ಮಾತ್ರ ನಡುವೆ ಸ್ವಲ್ಪ ಉಸಿರು.

ಬಿಎ ಮಾಡಿಟ್ಟುಕೊಂಡಿದ್ದು ಒಳ್ಳೆ ಕೆಲಸ. ಬರೀ ಮದರಸಾ ಸನದು (ಪ್ರಮಾಣಪತ್ರ) ಇದ್ದಿದ್ರೆ, ಅದನ್ನು ಯಾವ ವಿಶ್ವವಿದ್ಯಾಲಯ ಒಪ್ಪುತ್ತೆ ಅಂತ ಪಟ್ಟಿ ಹಿಡಿದು ಅಲೆಯಬೇಕಿತ್ತು. ಈಗ ನಿಮ್ಮ ಮುಂದೆ ಎರಡು ದಾರಿ. ಅಲಿಗಢ ಅಥವಾ ಜಾಮಿಯಾದಲ್ಲಿ ಅರೇಬಿಕ್ ಇಲ್ಲವೇ ಇಸ್ಲಾಮಿಕ್ ಸ್ಟಡೀಸ್ ಎಂಎ ಮಾಡಬಹುದು, ಅರೇಬಿಕ್ ಮಾತ್ರ ಸಾಕು ಅಂದ್ರೆ ಜೆಎನ್‌ಯು, ಹೈದರಾಬಾದಿನ ಇಫ್ಲು (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ), ಕಲ್ಲಿಕೋಟೆ ವಿಶ್ವವಿದ್ಯಾಲಯ ಕೂಡ ಇವೆ. ಇಲ್ಲಾಂದ್ರೆ ಇಲ್ಲೇ ಮೂರು ವರ್ಷದ ಎಲ್‌ಎಲ್‌ಬಿ, ಆಮೇಲೆ ಎಲ್‌ಎಲ್‌ಎಂ.

ನನ್ನನ್ನು ಕೇಳಿದ್ರೆ ಎರಡನೆಯದು. ಯಾಕೆ ಅಂತೀರಾ? ನೀವು ಮದರಸಾದಲ್ಲಿ ಓದಿದ ‘ಹಿದಾಯ’ವನ್ನೇ ತಗೊಳ್ಳಿ. ಮರ್ಗೀನಾನಿ 12ನೇ ಶತಮಾನದಲ್ಲಿ ಬರೆದ ಅರಬಿ ಫಿಕ್ಹ್ ಗ್ರಂಥ. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಂದ, ಆದರೆ ಮೂಲದಿಂದಲ್ಲ, ಪರ್ಷಿಯನ್ ಅನುವಾದದಿಂದ. ಬ್ರಿಟಿಷ್ ಜಡ್ಜ್‌ಗಳು ನೆಚ್ಚಿಕೊಂಡಿದ್ದು ಆ ಅನುವಾದದ ಅನುವಾದವನ್ನು! ಇವತ್ತಿಗೂ 1937ರ ಶರೀಯತ್ ಕಾಯ್ದೆ, ಜೀವನಾಂಶದ ಬಗ್ಗೆ 1985ರ ಶಾ ಬಾನೊ ತೀರ್ಪು, ತ್ರಿವಳಿ ತಲಾಖ್ ಬಗ್ಗೆ 2017ರ ಶಾಯರಾ ಬಾನೊ ತೀರ್ಪು ಇವನ್ನೆಲ್ಲ ಅರೆದು ಕುಡಿದವರಿಗೆ ಅರೇಬಿಕ್ ಬರೋದು ಅಪರೂಪ. ಅರೇಬಿಕ್ ಬಲ್ಲವರು ತೀರ್ಪು ಓದೋದೂ ಅಷ್ಟೇ ಅಪರೂಪ. ಎರಡೂ ಓದಬಲ್ಲ ಮೇಷ್ಟ್ರು ಬೇಕು, ಅಲ್ವಾ?

ಸಂಶೋಧನೆಗೆ ವಿಷಯ ಹುಡುಕಿ ಕೈರೋಗೆ ಹೋಗೋದೂ ಬೇಡ. ಬೆಂಗಳೂರಿನ ಹೆಚ್ಚಿನ ಮುಸ್ಲಿಮರು ಹನಫಿಗಳು, ಭಟ್ಕಳದ ನವಾಯತರು ಮತ್ತು ಮಂಗಳೂರಿನ ಬ್ಯಾರಿಗಳು ಶಾಫಿ. ಎರಡೂ ಫಿಕ್ಹ್‌ನ ಬೇರೆ ಬೇರೆ ಪಂಥಗಳು. ವಯಸ್ಸಿಗೆ ಬಂದ ಹುಡುಗಿ ವಲಿ (ತಂದೆಯಂಥ ಪೋಷಕ) ಇಲ್ಲದೆ ನಿಕಾಹ್ ಮಾಡಿಕೊಳ್ಳಬಹುದು ಅಂತ ಹನಫಿ ಮತ, ಶಾಫಿಯವರು ವಲಿ ಬೇಕೇ ಬೇಕು ಅಂತಾರೆ. ಒಬ್ಬರು ಹನಫಿ, ಇನ್ನೊಬ್ಬರು ಶಾಫಿ ಆದ ಜೋಡಿಯ ವ್ಯಾಜ್ಯ ಬಂದ್ರೆ ಕೋರ್ಟು ಏನು ಮಾಡಬೇಕು? ಇದೊಂದೇ ಪ್ರಶ್ನೆಗೆ ಪಿಎಚ್‌ಡಿ ಬರೆಯಬಹುದು.

ಒಂದು ಕಹಿ ಮಾತು. ನಿಮ್ಮ ಪತ್ರದ ಇಂಗ್ಲಿಷ್ ಸಾಲುಗಳು ಕುಂಟುತ್ತಿವೆ. ದಿನಾ ಒಂದು ತೀರ್ಪು ಓದಿ, ಅರ್ಧ ಪುಟ ಸಾರಾಂಶ ಬರೆಯಿರಿ. ಖರ್ಚಿಗೆ ಸಂಜೆ ಅರೇಬಿಕ್ ಟ್ಯೂಷನ್ ಮಾಡಿ, ಅಬ್ಬಾಗೂ ಸಮಾಧಾನ.

ಪ್ರಶ್ನೆ: ನಾನು ಲಾ ವಿದ್ಯಾರ್ಥಿನಿ, ಮುಸ್ಲಿಂ ಅಲ್ಲ. ಅರೇಬಿಕ್ ಕಲಿಯುತ್ತೇನೆ ಅಂದ್ರೆ ಮನೆಯಲ್ಲಿ ತಕರಾರು.
– ಜಯನಗರದ ಓದುಗಿ

ಉತ್ತರ: ವಕೀಲ, ಅರ್ಜಿ, ದಾವೆ, ಜಾಮೀನು, ವಾರಸು, ನಕಲು ಎಲ್ಲವೂ ಅರೇಬಿಕ್ ಮೂಲದವು. ನೀವು ಬರೆದ ‘ತಕರಾರು’ ಕೂಡ. ಅರೇಬಿಕ್‌ನಲ್ಲಿ ಅದರ ಅರ್ಥ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳೋದು. ಇರೋದು 28 ಅಕ್ಷರ, ಎರಡು ವಾರದಲ್ಲಿ ಕೈ ಹತ್ತುತ್ತೆ. ವ್ಯಾಕರಣಕ್ಕೆ ಎರಡು ವರ್ಷ ಇಟ್ಟುಕೊಳ್ಳಿ.