ಪ್ರತಿಕ್ರಿಯೆ: ಒಂದೇ ದಿನವಿದ್ದರೆ ಪೋವಿಸ್ ಕೋಟೆ

ಬರ್ಮಿಂಗ್‌ಹ್ಯಾಮಿನಿಂದ ಕಾರಿಲ್ಲದೆ, ವಯಸ್ಸಾದ ತಾಯಿಯವರೊಂದಿಗೆ, ಒಂದೇ ದಿನದಲ್ಲಿ ವೇಲ್ಸ್‌ನ ಯಾವ ಕೋಟೆಯನ್ನು ನೋಡಿ ಬರಬಹುದೆಂದು ಕೇಳಿದ್ದೀರಿ. ವೆಲ್ಷ್‌ಪೂಲ್ ಊರಿನ ಪೋವಿಸ್ ಕೋಟೆಗೆ ಹೋಗಿ ಎಂಬುದು ನನ್ನ ಸಲಹೆ. ಶ್ರೂಸ್‌ಬರಿ ಮಾರ್ಗದ ರೈಲು ನೇರವಾಗಿ ವೆಲ್ಷ್‌ಪೂಲಿಗೇ ಹೋಗುತ್ತದೆ. ಮುಂದೆ ಏರುದಾರಿಯಾದ್ದರಿಂದ ಟ್ಯಾಕ್ಸಿಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

13ನೆಯ ಶತಮಾನದಲ್ಲಿ ವೇಲ್ಸ್‌ನ ಅರಸುಮನೆತನವೊಂದು ಕಟ್ಟಿಸಿದ ಈ ಕೋಟೆಯನ್ನು ಕನ್ನಡಿಗರು ನೋಡಲೇಬೇಕೆನ್ನಲು ಬೇರೊಂದು ಕಾರಣವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಮದರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಅವನ ಪತ್ನಿ ಹೆನ್ರಿಯೆಟಾ ಈ ಕೋಟೆಯ ಹರ್ಬರ್ಟ್ ಮನೆತನದವಳು. ಹೀಗಾಗಿ ಟಿಪ್ಪು ಸುಲ್ತಾನನ ಸಿಂಹಾಸನವನ್ನು ಅಲಂಕರಿಸಿದ್ದ, ರತ್ನಖಚಿತವಾದ ಚಿನ್ನದ ಹುಲಿತಲೆಗಳಲ್ಲಿ ಒಂದೂ ಹೂವಿನ ಚಿತ್ತಾರವುಳ್ಳ ಅವನ ಹತ್ತಿಬಟ್ಟೆಯ ಡೇರೆಯೂ ಇಲ್ಲಿನ ಕ್ಲೈವ್ ಸಂಗ್ರಹವನ್ನು ಸೇರಿವೆ. ಯುದ್ಧದ ಲೂಟಿಯಾಗಿ ಬಂದ ಈ ವಸ್ತುಗಳನ್ನು ನೋಡುವಾಗ ಬೆರಗಿನ ಜೊತೆಗೆ ಸಂಕಟವೂ ಆಗುತ್ತದೆ. ಆದರೂ ನಮ್ಮ ನೆಲದ ಕುಶಲಕರ್ಮಿಗಳ ಕೈಕೆಲಸವನ್ನು ಇಷ್ಟು ಹತ್ತಿರದಿಂದ ಕಾಣುವ ಅವಕಾಶವನ್ನು ಬಿಡಬಾರದು.

ಕೋಟೆಯ ಕೆಳಗಿನ ಹಂತಹಂತದ ಉದ್ಯಾನ ಕಡಿದಾಗಿದೆ; ತಾಯಿಯವರು ಮೇಲಿನ ಜಗಲಿಯಿಂದಲೇ ಕಣಿವೆಯನ್ನು ನೋಡಬಹುದು. ಕೋಟೆಯ ನಿರ್ವಹಣೆ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯದು. ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಆ ದಿನದ ವೇಳೆಯನ್ನು ನೋಡಿಕೊಳ್ಳಿ.