ಹಿಮಕೋಳಿಯ ಬೆನ್ನು ಹತ್ತಬೇಡಿ, ಮೇಲೆ ಹೋಗಿ ಕೂತುಕೊಳ್ಳಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳಲ್ಲಿ ಬಿಲ್ಲು, ಹಕ್ಕಿ ಎರಡೂ ಸೇರಿಕೊಂಡಿವೆ. ಧಾರವಾಡದಲ್ಲಿ ಮಕ್ಕಳಿಗೆ ಬಿಲ್ಲುಗಾರಿಕೆ ಹೇಳಿಕೊಡುವುದು ನನ್ನ ಕೆಲಸ. ದುರ್ಬೀನು ಹಿಡಿದು ಹಕ್ಕಿ ನೋಡುವುದು ಚಟ. ಬೇಟೆ ಆಡಿದವನಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ನಮ್ಮ ಅಳಿಯಂದಿರು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾರೆ. ಅಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಕಲಿತಿದ್ದಾರೆ. ಪಕ್ಕದ ನೆವಾಡಾದ ಬೆಟ್ಟಗಳಲ್ಲಿ ‘ಹಿಮಾಲಯನ್ ಸ್ನೋಕಾಕ್’ ಅನ್ನೋ ಹಕ್ಕಿಯ ಬೇಟೆಗೆ ಗೆಳೆಯರ ಜೊತೆ ಹೊರಟಿದ್ದಾರೆ. ನನ್ನನ್ನೂ ಕರೆಯುತ್ತಿದ್ದಾರೆ. ನನಗೀಗ 58. ದಿನಾ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತುತ್ತೇನೆ. ಹಿಮಾಲಯದ ಹಕ್ಕಿ ಅಲ್ಲಿಗೆ ಹೇಗೆ ಹೋಯಿತು? ಬಿಲ್ಲಿನಿಂದ ಅದನ್ನು ಹೊಡೆಯೋದು ಆಗೋ ಮಾತೇ? — ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹಕ್ಕಿ ತಾನಾಗಿ ಹೋಗಿದ್ದಲ್ಲ, ಒಯ್ದು ಬಿಟ್ಟಿದ್ದು. ಬೇಟೆಗೆ ಹೊಸ ಹಕ್ಕಿ ಬೇಕು ಅಂತ ನೆವಾಡಾದವರು ಪಾಕಿಸ್ತಾನದ ಹಿಡಿತದಲ್ಲಿರುವ ಹುಂಝಾ ಕಣಿವೆಯಿಂದ ಈ ಸ್ನೋಕಾಕ್, ಅಂದರೆ ಹಿಮಕೋಳಿಗಳನ್ನು ತರಿಸಿದರು. 1963ರಿಂದ ರೂಬಿ ಪರ್ವತಗಳಲ್ಲಿ ಬಿಡಲು ಶುರು ಮಾಡಿದರು. 1979ರ ಹೊತ್ತಿಗೆ, ಅಲ್ಲೇ ಸಾಕಿ ಮರಿ ಮಾಡಿಸಿದವೂ ಸೇರಿ, ಸುಮಾರು 2,000 ಹಕ್ಕಿ ಬಿಟ್ಟಿದ್ದರು. ಬಹಳಷ್ಟು ಸತ್ತವು. ಉಳಿದವು ಅಲ್ಲೇ ನೆಲೆಯೂರಿದವು. 1980ರಲ್ಲಿ ಮೊದಲ ಬೇಟೆ ಋತು ತೆರೆಯಿತು. ಇವತ್ತಿಗೂ ಅಲ್ಲಿರುವುದು ಕೆಲವು ನೂರು ಹಕ್ಕಿ ಮಾತ್ರ. ಉತ್ತರ ಅಮೆರಿಕದಲ್ಲಿ ಇದು ಕಾಡಿನಲ್ಲಿ ನೆಲೆ ಕಂಡ ಜಾಗ ರೂಬಿ ಮತ್ತು ಅದಕ್ಕೆ ಹೊಂದಿಕೊಂಡ ಈಸ್ಟ್ ಹಂಬೋಲ್ಟ್ ಬೆಟ್ಟಸಾಲು ಅಷ್ಟೇ.

ಇನ್ನು ಬಿಲ್ಲಿನ ಮಾತು. ಆಗುತ್ತದೆ. ಆದರೆ ಬಿಲ್ಲಿಗಿಂತ ಮೊದಲು ಹಕ್ಕಿಯ ದಿನಚರಿ ಗೊತ್ತಿರಬೇಕು.

ನಾನು ಹಿಮಕೋಳಿ ನೋಡಿದ್ದು ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಹತ್ತಿರ, 4,200 ಮೀಟರ್ ಎತ್ತರದಲ್ಲಿ. ಮೊದಲು ಕೇಳಿದ್ದು ಸಿಳ್ಳೆ. ಕೆಳಗಿನ ಸ್ವರದಿಂದ ಏರಿಕೊಂಡು ಹೋಗುವ ಉದ್ದನೆ ಸಿಳ್ಳೆ. ಯಾರೋ ಕುರಿ ಕಾಯುವವರು ಅಂದುಕೊಂಡೆ. ದುರ್ಬೀನು ಹಾಕಿದರೆ ಬರೀ ಕಲ್ಲು. ಹತ್ತು ನಿಮಿಷ ಆದ ಮೇಲೆ ಒಂದು ಕಲ್ಲು ನಡೆಯಿತು. ಬೂದಿ ಬಣ್ಣದ ಮೈ, ಕತ್ತಿನ ಮೇಲೆ ಕಂದು ಗೆರೆ, ನಮ್ಮ ಜವಾರಿ ಹುಂಜಕ್ಕಿಂತ ದಪ್ಪ. ಎರಡು ಮೂರು ಕೆಜಿ ತೂಗುವ ಹಕ್ಕಿ. ಕೊಕ್ಕಿನಿಂದ ನೆಲ ಕೆದರಿ ಬೇರು, ಗೆಡ್ಡೆ ತಿನ್ನುತ್ತಾ ನಾಲ್ಕು ಹೆಜ್ಜೆ ಮೇಲೆ, ಮತ್ತೆ ನಾಲ್ಕು ಹೆಜ್ಜೆ ಮೇಲೆ. ಉತ್ಸಾಹದಲ್ಲಿ ನಾನು ಕೆಳಗಿಂದ ಹತ್ತಲು ಶುರು ಮಾಡಿದೆ. ಅವು ಹಾರಲೇ ಇಲ್ಲ. ಅವಸರವೂ ಪಡಲಿಲ್ಲ. ನಾನು ಐವತ್ತು ಮೀಟರ್ ಹತ್ತಿದರೆ ಅವೂ ಐವತ್ತು ಮೀಟರ್ ಹತ್ತುತ್ತಿದ್ದವು. ನನಗೆ ಏದುಸಿರು, ಅವಕ್ಕೆ ಊಟ. ಕೊನೆಗೆ ನೆತ್ತಿ ಮುಟ್ಟಿ ಆ ಕಡೆಗೆ ಜಾರಿಕೊಂಡವು. ಜೊತೆಗಿದ್ದ ಊರಿನ ಹುಡುಗ ನಕ್ಕ. ‘ಮೇಲೆ ಹೋಗಿ ಕೂತಿದ್ದರೆ ಅವೇ ನಿಮ್ಮ ಹತ್ತಿರ ಬರುತ್ತಿದ್ದವು’ ಅಂದ.

ಅವನು ಹೇಳಿದ್ದೇ ಇಡೀ ಗುಟ್ಟು. ಈ ಹಕ್ಕಿ ರಾತ್ರಿ ಕಡಿದಾದ ಬಂಡೆಗಳಲ್ಲಿ ಕಳೆಯುತ್ತದೆ. ನಸುಕಿನಲ್ಲಿ ರೆಕ್ಕೆ ಚಾಚಿ ಕೆಳಗಿನ ಹುಲ್ಲಿನ ಇಳಿಜಾರಿಗೆ ತೇಲಿ ಬರುತ್ತದೆ. ಆಮೇಲೆ ದಿನವಿಡೀ ಮೇಯುತ್ತಾ ಕಾಲ್ನಡಿಗೆಯಲ್ಲಿ ಮೇಲೇರುತ್ತದೆ. ಭಾರದ ಮೈ, ಮೇಲ್ಮುಖವಾಗಿ ಹಾರುವುದು ಅದಕ್ಕೆ ಕಷ್ಟ. ಅದಕ್ಕೇ ಮೇಲೆ ಹೋಗಬೇಕಾದರೆ ನಡೆಯುತ್ತದೆ, ಕೆಳಗೆ ಹೋಗಬೇಕಾದರೆ ಹಾರುತ್ತದೆ. ಕೆಳಗಿಂದ ಬೆನ್ನು ಹತ್ತಿದವರಿಗೆ ಸಿಗುವುದು ಮಂಡಿನೋವು ಮಾತ್ರ.

ಹಾಗಾಗಿ ಅಳಿಯಂದಿರಿಗೆ ನನ್ನ ಸಲಹೆ ಇದು. ಮೊದಲ ದಿನ ಬಿಲ್ಲು ಟೆಂಟಿನಲ್ಲೇ ಇರಲಿ. ಬೆಳಕು ಹರಿಯುವ ಮುಂಚೆ ಎದುರು ಬೆಟ್ಟದಲ್ಲಿ ಕೂತು ಸಿಳ್ಳೆ ಕೇಳಲಿ. ಗುಂಪು ಎಲ್ಲಿ ಇಳಿಯಿತು, ಯಾವ ಓಣಿ ಹಿಡಿದು ಮೇಲೇರಿತು, ಯಾವ ಹೊತ್ತಿಗೆ ನೆತ್ತಿ ಮುಟ್ಟಿತು ಅಂತ ಬರೆದುಕೊಳ್ಳಲಿ. ಮರುದಿನ ಆ ದಾರಿಯ ಮೇಲ್ತುದಿಯಲ್ಲಿ, ಬಂಡೆ ಸಂದಿಯಲ್ಲಿ, ಹಕ್ಕಿಗಿಂತ ಮೊದಲೇ ಹೋಗಿ ಕೂರಲಿ. ಬೆನ್ನ ಹಿಂದೆ ಆಕಾಶ ಇರಬಾರದು, ಬಂಡೆ ಇರಬೇಕು. ಗಾಳಿ ಎತ್ತ ಬೀಸುತ್ತದೆ ಅಂತ ಜಿಂಕೆ ಬೇಟೆಯವರ ಹಾಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಇದು ಕಣ್ಣಿನಿಂದ ಬದುಕುವ ಹಕ್ಕಿ. ಹೊನ್ನ ಹದ್ದಿಗೆ ಹೆದರಿ ಹೆದರಿ ಆಕಾಶ ನೋಡುವುದೇ ಅಭ್ಯಾಸ. ಗುಂಪಿನಲ್ಲಿ ಒಂದಲ್ಲ ಒಂದು ಕತ್ತು ಎತ್ತಿ ಕಾವಲು ನಿಂತಿರುತ್ತದೆ. ಅದು ನೋಡುತ್ತಿರುವಾಗ ಹೆದೆ ಎಳೆದರೆ ಮುಗಿಯಿತು. ಅದು ಬಂಡೆ ಮರೆಗೆ ಹೋದ ಎರಡು ಸೆಕೆಂಡಿನಲ್ಲಿ ಎಳೆಯಬೇಕು.

ದೂರದ ಬಗ್ಗೆ ನಾನು ಸ್ವಲ್ಪ ಜಿಗುಟು ಮನುಷ್ಯ. ಕೋವಿಯವರಿಗೇ ಇದು ಕಷ್ಟದ ಹಕ್ಕಿ. ಬಿಲ್ಲಿಗೆ 30 ಮೀಟರ್ ಮೇಲೆ ಬೇಡ ಅನ್ನುತ್ತೇನೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್‌ಗೆ ಹೊಡೆಯುತ್ತಾರಲ್ಲ ಅನ್ನಬಹುದು. ಅಲ್ಲಿ ಹತ್ತು ಅಂಕದ ವೃತ್ತವೇ 12.2 ಸೆಂಟಿಮೀಟರ್ ಅಗಲ, ಮತ್ತು ಅದು ಅಲುಗಾಡುವುದಿಲ್ಲ. ಹಿಮಕೋಳಿ ದೊಡ್ಡದಾಗಿ ಕಂಡರೂ ಅರ್ಧ ಬರೀ ಗರಿ. ಬಾಣ ನಾಟಬೇಕಾದ ಜಾಗ ನವಲೂರಿನ ಒಂದು ಪೇರಲ ಹಣ್ಣಿನಷ್ಟು. ಇನ್ನೊಂದು ಲೆಕ್ಕ ನೋಡಿ. ಒಳ್ಳೆ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ 85 ಮೀಟರ್ ಹೋಗುತ್ತದೆ ಅಂದುಕೊಳ್ಳಿ. ಹೆದೆಯ ಸದ್ದು ಸುಮಾರು 330 ಮೀಟರ್ ಹೋಗುತ್ತದೆ. 35 ಮೀಟರ್ ದೂರದ ಹಕ್ಕಿಗೆ ಸದ್ದು ಮುಟ್ಟಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ, ಬಾಣ ಮುಟ್ಟಲು ಅದರ ನಾಲ್ಕು ಪಟ್ಟು. ನಡುವೆ ಉಳಿದ ಅಷ್ಟು ಹೊತ್ತಿನಲ್ಲಿ ಬೆದರಿದ ಹಕ್ಕಿ ಪೂರ್ತಿ ಒಂದು ಮೈ ಅಂತರ ಸರಿದಿರುತ್ತದೆ. ಗಾಯಗೊಂಡ ಹಕ್ಕಿ ರೆಕ್ಕೆ ಬಿಚ್ಚಿ ಪ್ರಪಾತಕ್ಕೆ ಬಿದ್ದರೆ ಅದು ನಿಮಗೂ ಇಲ್ಲ, ಬೆಟ್ಟಕ್ಕೂ ಇಲ್ಲ. ಹಾಗಾಗಿ ಹಕ್ಕಿ ಬಂಡೆಯ ಅಂಚಿನಲ್ಲಿ ನಿಂತಿದ್ದಾಗ ಬಾಣ ಬಿಡಲೇಬಾರದು. ಅದನ್ನು ತರಲು ಹೋಗಿ ಮನುಷ್ಯನೂ ಬೀಳುತ್ತಾನೆ.

ಹಾರುವ ಹಕ್ಕಿಗೆ ‘ಫ್ಲೂ-ಫ್ಲೂ’ ಅನ್ನುವ ದೊಡ್ಡ ಗರಿಯ ಬಾಣ ಬರುತ್ತದೆ. ಸ್ವಲ್ಪ ದೂರ ಹೋಗಿ ತಾನೇ ವೇಗ ಕಳೆದುಕೊಂಡು ಬೀಳುತ್ತದೆ, ಹುಡುಕಲು ಸುಲಭ. ಆದರೆ ಹಿಮಕೋಳಿ ಹಾರಿತು ಅಂದರೆ ಬೆಟ್ಟದ ಇಳಿಜಾರಿನಲ್ಲಿ ಕಲ್ಲು ಎಸೆದಂತೆ ಹೋಗುತ್ತದೆ. ಅದಕ್ಕೆ ಬಾಣ ಬಿಡುವುದು ಸುಮ್ನೆ ಬಾಣದ ಖರ್ಚು. ಬಂಡೆಗೆ ಬಡಿದ ಕಾರ್ಬನ್ ಬಾಣವನ್ನಂತೂ ಬಗ್ಗಿಸಿ, ಬೆರಳಾಡಿಸಿ ನೋಡದೆ ಮತ್ತೆ ಹೂಡಬೇಡಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಬಿಡುವಾಗ ಸಿಡಿದು ಚೂರುಗಳು ಕೈಗೆ ನೆಡುತ್ತವೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ವಾರಕ್ಕೊಮ್ಮೆ ಹೇಳುತ್ತೇನೆ. ವಾರಕ್ಕೊಮ್ಮೆ ಮರೆಯುತ್ತಾರೆ.

ಈಗ ನಿಮ್ಮ ವಿಷಯ. ಸಾಲ್ಟ್ ಲೇಕ್‌ನಿಂದ ಎಲ್ಕೋ ಊರಿಗೆ ಕಾರಿನಲ್ಲಿ ಮೂರೂವರೆ ತಾಸು. ಅಲ್ಲಿಂದ ಲಮೊಯ್ಲ್ ಕಣಿವೆ ಹತ್ತಿರ. ರೂಬಿ ಡೋಮ್ ಶಿಖರ ಸುಮಾರು 3,470 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930ರ ಆಸುಪಾಸು. ಹಿಮಕೋಳಿ ಇರುವುದು 2,800 ಮೀಟರ್‌ನಿಂದ ಮೇಲೆ. ಅಲ್ಲಿ ಗಾಳಿ ನಮ್ಮ ಹುಬ್ಬಳ್ಳಿಯದಕ್ಕಿಂತ ಹೆಚ್ಚು ಕಡಿಮೆ ಐದನೇ ಒಂದು ಭಾಗ ತೆಳು. ನೃಪತುಂಗ ಬೆಟ್ಟ ಒಳ್ಳೆ ಅಭ್ಯಾಸವೇ, ಆದರೆ ಅದು ಕಾಲಿಗೆ, ಶ್ವಾಸಕ್ಕಲ್ಲ. ಎಲ್ಕೋದಲ್ಲಿ ಎರಡು ರಾತ್ರಿ ಇದ್ದು ಹತ್ತಿ. ತಲೆನೋವು, ವಾಕರಿಕೆ ಬಂದರೆ ‘ಇನ್ನೊಂದು ಸ್ವಲ್ಪ’ ಅನ್ನದೆ ಇಳಿದುಬಿಡಿ. ಹೊರಡುವ ಮುಂಚೆ ಡಾಕ್ಟರನ್ನು ಕಂಡು ಎದೆ ತೋರಿಸಿ.

ಲೈಸನ್ಸ್ ಕೊಡುವುದು ನೆವಾಡಾದ ವನ್ಯಜೀವಿ ಇಲಾಖೆ. 1960ರ ಜನವರಿ 1ರ ನಂತರ ಹುಟ್ಟಿದವರು ಅಲ್ಲಿ ಬೇಟೆಗಾರರ ತರಬೇತಿ ಮುಗಿಸಿರಲೇಬೇಕು. ಅಂದರೆ ನೀವೂ ಆ ಲೆಕ್ಕಕ್ಕೆ ಬರುತ್ತೀರಿ. ಋತು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್. ಆ ವರ್ಷದ ನಿಯಮ ಪುಸ್ತಕವನ್ನು ಅಳಿಯಂದಿರು ಓದಲಿ, ಗೆಳೆಯರ ಮಾತು ನಂಬಿ ಹೋಗುವುದು ಬೇಡ. ವಾಪಸ್ ಬರುವಾಗ ನೆನಪಿಗೆ ಅಂತ ಒಂದು ಗರಿಯನ್ನೂ ಪೆಟ್ಟಿಗೆಗೆ ಹಾಕಬೇಡಿ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ಉತ್ತರ ಹೇಳುತ್ತಾ ಕೂರಬೇಕಾದೀತು. ನಾನಾಗಿದ್ದರೆ ಬಿಲ್ಲು ಅಳಿಯನ ಹೆಗಲಿಗೆ ಬಿಟ್ಟು ದುರ್ಬೀನು, ಶೇಂಗಾ ಹೋಳಿಗೆ ಇಟ್ಟುಕೊಂಡು ಎದುರು ಬೆಟ್ಟದಲ್ಲಿ ಕೂರುತ್ತಿದ್ದೆ.

ಪ್ರಶ್ನೆ: ಕಪ್ಪತಗುಡ್ಡದ ಸೆರಗಿನಲ್ಲಿ ನಮ್ಮ ಹೊಲ. ಗೌಜಲಕ್ಕಿ ಬಹಳ. ನಮ್ಮ ಅಜ್ಜ ಬೇಟೆ ಆಡುತ್ತಿದ್ದ. ಕೋವಿಗಾದರೆ ಲೈಸನ್ಸ್ ಬೇಕು, ಬಿಲ್ಲಿಗೆ ಬೇಡವಲ್ಲ? ನಮ್ಮದೇ ಹೊಲದಲ್ಲಿ ಹೊಡೆದರೆ ತಪ್ಪೇನು? — ಮುಂಡರಗಿ ತಾಲ್ಲೂಕು

ಉತ್ತರ: ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಯಾವುದು ಅಂತ ಕೇಳುವುದಿಲ್ಲ. ಕೋವಿ, ಬಿಲ್ಲು, ಉರುಲು, ಬಲೆ ಎಲ್ಲಾ ಒಂದೇ. ಹೊಲ ಯಾರದು ಅಂತಲೂ ಕೇಳುವುದಿಲ್ಲ. ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದು, ಆಮಿಷ ಒಡ್ಡುವುದು, ಮೊಟ್ಟೆ ಒಡೆಯುವುದು, ಹೊಡೆಯಲು ಯತ್ನಿಸುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಬಾಣ ಗುರಿ ತಪ್ಪಿದರೂ ಕೇಸು ತಪ್ಪುವುದಿಲ್ಲ. ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಹೋದ ಬೈಕನ್ನೂ ಜಪ್ತಿ ಮಾಡುತ್ತಾರೆ. ನಿಮ್ಮ ಗುಡ್ಡವಂತೂ 2019ರಿಂದ ವನ್ಯಜೀವಿಧಾಮ.

ಅಜ್ಜನ ಕಾಲದ ಕಾನೂನು ಬೇರೆ, ಹಕ್ಕಿಯ ಲೆಕ್ಕವೂ ಬೇರೆ. ಆಗ ರಾಣೆಬೆನ್ನೂರು ಕಡೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಅನ್ನುವ ದೊಡ್ಡ ಹಕ್ಕಿಯೂ ಓಡಾಡುತ್ತಿತ್ತು. ಈಗ ಹುಡುಕಿ ನೋಡಿ.

ಪ್ರಶ್ನೆ: ನಾನು ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವ, ಒಲಿಂಪಿಕ್ಸ್ ಬಿಲ್ಲು) ಹಿಡಿದು ಎರಡು ವರ್ಷ. ಮೈದಾನದಲ್ಲಿ ಗುರಿ ಸರಿಯಾಗಿ ಬೀಳುತ್ತದೆ. ಗುಡ್ಡದ ಮೇಲಿಂದ ಕೆಳಗೆ ಹೊಡೆದರೆ ಬಾಣ ಯಾವಾಗಲೂ ಮೇಲೆ ಹೋಗುತ್ತದೆ. ಕೆಳಗಿಂದ ಮೇಲೆ ಹೊಡೆದರೂ ಮೇಲೆಯೇ! — ಕಾಲೇಜು ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿನ್ನ ಕೈ ಸರಿ ಇದೆ ತಂಗಿ, ಲೆಕ್ಕ ತಪ್ಪಿದೆ. ಭೂಮಿ ಬಾಣವನ್ನು ನೇರ ಕೆಳಗೆ ಎಳೆಯುತ್ತದೆ. ಹಾಗಾಗಿ ಬಾಣದ ಬೀಳು ಲೆಕ್ಕಕ್ಕೆ ಬರುವುದು ಓರೆಯಾಗಿ ಅಳೆದ ದೂರ ಅಲ್ಲ, ನೆಲಕ್ಕೆ ಸಮವಾಗಿ ಅಳೆದ ದೂರ. ಓರೆಯಲ್ಲಿ 40 ಮೀಟರ್, ಇಳಿಜಾರು 30 ಡಿಗ್ರಿ ಇದ್ದರೆ ಬಿಲ್ಲಿನ ಸೈಟನ್ನು (ಗುರಿ ನೋಡುವ ಸಾಧನ) 35 ಮೀಟರ್‌ಗೆ ಇಡಬೇಕು. 45 ಡಿಗ್ರಿ ಇದ್ದರೆ 28. ಮೇಲಕ್ಕಾದರೂ ಕೆಳಕ್ಕಾದರೂ ಇದೇ ಲೆಕ್ಕ. ನೀನು ಎರಡೂ ಕಡೆ 40ರ ಸೈಟ್ ಇಟ್ಟಿದ್ದೀ, ಅದಕ್ಕೇ ಬಾಣ ತಲೆ ಮೇಲೆ ಹೋಗುತ್ತದೆ.

ನಾನು ಮೊದಲ ಸಲ ಫೀಲ್ಡ್ ಆರ್ಚರಿ ಆಡಿದಾಗ ಹಳ್ಳದಾಚೆಯ ಗುರಿಗೆ ಮೂರಕ್ಕೆ ಮೂರು ಬಾಣ ಮೇಲೆ ಕಳಿಸಿದೆ. ಎರಡು ಇನ್ನೂ ಅಲ್ಲೇ ಪೊದೆಯಲ್ಲಿರಬೇಕು. ಆ ಆಟ ನೋಡು, ನಿನಗೆ ಹಿಡಿಸುತ್ತದೆ. ಏರು ತಗ್ಗಿನ ಜಾಗದಲ್ಲಿ ಗುರಿಗಳು, ಕೆಲವಕ್ಕೆ ದೂರ ಬರೆದಿರುವುದಿಲ್ಲ, ಕಣ್ಣಂದಾಜೇ. ರಿಕರ್ವ್‌ನವರಿಗೆ ಬರೆದಿದ್ದು 60 ಮೀಟರ್‌ವರೆಗೆ, ಬರೆಯದೇ ಇದ್ದದ್ದು 55ರವರೆಗೆ. ಇನ್ನೊಂದು: ಇಳಿಜಾರಿನಲ್ಲಿ ತೋಳು ಮಾತ್ರ ಇಳಿಸಬೇಡ. ಮೊದಲು ಸಮನೆಲದಲ್ಲಿ ನಿಂತಂತೆ ಹೆದೆ ಎಳೆ, ಆಮೇಲೆ ಸೊಂಟದಿಂದ ಬಾಗು. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಅಭ್ಯಾಸ ಬೇಡ.

ಪ್ರಶ್ನೆ: ಎತ್ತರದ ಬೆಟ್ಟದ ಹಕ್ಕಿ ನೋಡಲು ಹಿಮಾಲಯಕ್ಕೇ ಹೋಗಬೇಕಾ? — ಲಕ್ಷ್ಮೇಶ್ವರ

ಉತ್ತರ: ನಿಮಗಂತೂ ಬೇಡ! ನಿಮ್ಮ ಹತ್ತಿರದ ಮಾಗಡಿ ಕೆರೆಗೇ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತು ಬರುತ್ತದೆ. ಹಿಮಾಲಯ ದಾಟಿ ಬರುವ ಹಕ್ಕಿ. 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಡಿಸೆಂಬರ್, ಜನವರಿಯಲ್ಲಿ ಹೋಗಿ. ಹೊಲಗಳಲ್ಲಿ ಮೇಯ್ದು ಗುಂಪುಗಳು ಕೆರೆಗೆ ಮರಳುವ ಬೆಳಗಿನ ಹೊತ್ತು ಚಂದ. ಬಿಳಿ ತಲೆಯ ಹಿಂಬದಿ ಎರಡು ಕಪ್ಪು ಪಟ್ಟಿ ಕಂಡರೆ ಅದೇ.

ಕೆಂಪು, ಬಿಳಿ ಅಂಗಿ ಬೇಡ. ದಂಡೆಯಲ್ಲಿ ಓಡಬೇಡಿ. ಗುಂಪಿನ ಅಂಚಿನಲ್ಲಿ ಒಂದೆರಡು ಹಕ್ಕಿ ಕತ್ತು ಎತ್ತಿ ನಿಂತಿರುತ್ತವೆ. ಅವು ನಿಮ್ಮನ್ನೇ ನೋಡುತ್ತಿದ್ದರೆ ನಿಂತಲ್ಲೇ ನಿಲ್ಲಿ. ಕತ್ತು ಇಳಿಸಿ ಮೇಯಲು ಶುರು ಮಾಡಿದ ಮೇಲೆ ಇನ್ನು ನಾಲ್ಕು ಹೆಜ್ಜೆ ಇಡಿ.