ಓದುಗರ ಪ್ರಶ್ನೆ: ಭೀಮಾ ದಂಡೆಯ ಸನ್ನತಿ

ಪ್ರಶ್ನೆ: ಅಶೋಕನ ಶಾಸನ ಸನ್ನತಿಯ ಕಾಳಿ ಗುಡಿಯೊಳಗೆ ಸಿಕ್ಕಿತಂತೆ. ಹಾಗಾದರೆ ಗುಡಿಯೂ ಅಶೋಕನ ಕಾಲದ್ದೇ? (ಸೇಡಂನ ಓದುಗರು)

ಉತ್ತರ: ಅಲ್ಲ. ಗುಡಿ ಬಹಳ ಈಚಿನದು, ಕಲ್ಲು ಮಾತ್ರ ಹಳೆಯದು. ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿಯ ಪೀಠ ತೆಗೆದಾಗ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಬರಹ ಎರಡೂ ಮೈಗೆ ಇದೆ. ಅಂದರೆ ಮೊದಲು ಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರು. ಶತಮಾನಗಳ ಮೇಲೆ ಗುಡಿ ಕಟ್ಟಿದವರಿಗೆ ಅದು ಬರೀ ಅಗಲವಾದ ಒಂದು ಚಪ್ಪಡಿ. ಅಡ್ಡ ಮಲಗಿಸಿ, ಮೂರ್ತಿಯ ಬುಡ ಕೂರಿಸಲು ನಡುವೆ ತೂತು ಕೊರೆದರು. ಅಲ್ಲಿದ್ದ ಅಕ್ಷರಗಳು ಹೋದವು.

ಉಳಿದದ್ದೇನು ಕಡಿಮೆಯಲ್ಲ. ಒಂದು ಮಗ್ಗುಲಲ್ಲಿ ಅಶೋಕನ ಹದಿನಾಲ್ಕು ಬಂಡೆಗಲ್ಲು ಶಾಸನಗಳ ಪೈಕಿ 12 ಮತ್ತು 14ನೆಯದು, ಇನ್ನೊಂದರಲ್ಲಿ ಆ ಹದಿನಾಲ್ಕಕ್ಕೆ ಸೇರದ ಎರಡು 'ಪ್ರತ್ಯೇಕ ಶಾಸನ'. ಇವೆರಡು ಸನ್ನತಿ ಬಿಟ್ಟರೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಷ್ಟೇ ಇವೆ. 'ಎಲ್ಲ ಮನುಷ್ಯರೂ ನನ್ನ ಮಕ್ಕಳು' ಎಂಬ ಮಾತು ಬರುವುದು ಇವುಗಳಲ್ಲೇ. ತನ್ನ ಪಂಥವನ್ನು ಹೊಗಳಿ ಬೇರೆಯವರದನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎನ್ನುವುದು 12ನೆಯದು.

ಪ್ರಶ್ನೆ: ಕನಗನಹಳ್ಳಿಯ ಉಬ್ಬುಶಿಲ್ಪದಲ್ಲಿ ಇರುವುದು ಅಶೋಕನ ನಿಜವಾದ ಮುಖವೇ? (ಶಹಾಪುರದ ಓದುಗರು)

ಉತ್ತರ: ಹೆಸರಂತೂ ಅವನದೇ. 'ರಾಯ ಅಸೋಕೋ' ಎಂದು ಕಲ್ಲಿನ ಮೇಲೇ ಕೊರೆದಿದ್ದಾರೆ; ಪಕ್ಕದಲ್ಲಿ ರಾಣಿ, ಪರಿಚಾರಕಿಯರು. ಮುಖ ಮಾತ್ರ ಶಿಲ್ಪಿಯ ಕಲ್ಪನೆ. ಅಶೋಕ ಕ್ರಿ.ಪೂ. 3ನೇ ಶತಮಾನದವನು. ಸನ್ನತಿ ಬಳಿಯ ಕನಗನಹಳ್ಳಿಯಲ್ಲಿರುವ ಬೌದ್ಧ ಸ್ತೂಪ, ಅಂದರೆ ಅಧೋಲೋಕ ಮಹಾಚೈತ್ಯದ ಈ ಕೆತ್ತನೆಗಳು ಶಾತವಾಹನರ ಕಾಲದವು, ಅವನನ್ನು ಕಂಡವರೆಲ್ಲ ತೀರಿಹೋಗಿ ತಲೆಮಾರುಗಳೇ ಕಳೆದ ಮೇಲಿನವು. ಅದೇ ಸ್ತೂಪದಲ್ಲಿ ಸಿಮುಕ, ಪುಳುಮಾವಿ ಮೊದಲಾದ ಶಾತವಾಹನ ಅರಸರಿಗೂ ಹೀಗೇ ಹೆಸರು ಬರೆದಿದ್ದಾರೆ. ಪುಸ್ತಕದ ರಕ್ಷಾಪುಟದಲ್ಲಿ 'ಅಶೋಕನ ಭಾವಚಿತ್ರ' ಎಂದು ಹಾಕುವವರು ಇದನ್ನು ನೆನಪಿಡಬೇಕು.

ನಡುಮಧ್ಯಾಹ್ನದ ಬಿಸಿಲಲ್ಲಿ ಇಂಥ ಅಕ್ಷರ ಕಾಣುವುದೇ ಇಲ್ಲ. ಬೆಳಿಗ್ಗೆ ಅಥವಾ ಸಂಜೆ ಹೋಗಿ, ಬೆಳಕು ಓರೆಯಾಗಿ ಬಿದ್ದಾಗ ನೋಡಿ. ಗುಡಿಯೊಳಗಾದರೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿಯಿರಿ. ಗೀರಿನ ಒಂದು ದಡ ಕಪ್ಪಾಗಿ ಅಕ್ಷರ ಎದ್ದು ನಿಲ್ಲುತ್ತದೆ. ಸೀಮೆಸುಣ್ಣ, ಎಣ್ಣೆ, ಅರಿಸಿನ ಹಚ್ಚಲೇಬೇಡಿ.

ಪ್ರಶ್ನೆ: ನದಿ ಪಕ್ಕದ ಹೊಲದಲ್ಲಿ ಕುಂಟೆ ಹೊಡೆಯುವಾಗ ಕೆತ್ತನೆಯ ಕಲ್ಲು ತಗುಲಿದರೆ ಏನು ಮಾಡಬೇಕು? (ನಾಲವಾರದ ಓದುಗರು)

ಉತ್ತರ: ಎತ್ತಬೇಡಿ. ನೆಲಕ್ಕೆ ಹಾಸುವ ನಮ್ಮ ಫರಸಿ ಕಲ್ಲಿನ ಹಾಗೆ ಇದೂ ಪದರು ಪದರಾದ ಸುಣ್ಣಕಲ್ಲು. ಹಾರೆ ಹಾಕಿ ಮೀಟಿದರೆ ಪದರು ಬಿಟ್ಟು ಸೀಳುತ್ತದೆ, ಕೆತ್ತನೆಯ ಮೈಯೇ ಚಕ್ಕೆಯಾಗಿ ಕಳಚುತ್ತದೆ. ತೊಳೆದು ಉಜ್ಜುವುದೂ ಬೇಡ. ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ ಇತ್ತು ಎಂಬುದರಿಂದಲೇ ಅರ್ಧ ಇತಿಹಾಸ ತಿಳಿಯುವುದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಸರ್ವೆ ನಂಬರ್ ಬರೆದುಕೊಳ್ಳಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ತಹಶೀಲ್ದಾರ್ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ, ಬಾಯಿಮಾತಿಗೆ ಬೆಲೆಯಿಲ್ಲ. ಕಲ್ಲು ಕೊಂಡುಹೋಗಲು ಬರುವ 'ಪಾರ್ಟಿ'ಗಳ ಜೊತೆ ಮಾತೇ ಬೇಡ, ಅದು ಅಪರಾಧ.

ಅಲ್ಲೇ ಮನೆ ಕಟ್ಟುವ ವಿಚಾರವಿದ್ದರೆ ಇನ್ನೊಂದು ಮಾತು: ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ, ಅಂದರೆ ಗಡಿಯಿಂದ 300 ಮೀಟರ್‌ವರೆಗೆ, ಅನುಮತಿ ಬೇಕು. ಪಾಯ ತೆಗೆಯುವ ಮುಂಚೆಯೇ ಅಳೆಸಿಕೊಳ್ಳಿ.